ಹಳೆಯ ಟೂ-ಇನ್-ಒನ್, ಎಲೆಕ್ಟ್ರಿಕ್ ಗಿಟಾರು ಮತ್ತು ಒಂದು ಶಬ್ದಪಾಠ

ಕೊಡಗಿನ ಮನೆಗಳಲ್ಲಿ ಕೆಟ್ಟ ರೇಡಿಯೋವನ್ನು ಯಾರೂ ಬೇಗ ಎಸೆಯುವುದಿಲ್ಲ. ಅದು ಅಟ್ಟ ಸೇರುತ್ತದೆ. ಅಡುಗೆಮನೆಯ ಮೇಲಿನ ಅಟ್ಟವಾದರೆ ಒಲೆಯ ಬಿಸಿಗೆ ಒಣಗಿ ಉಳಿದಿರುತ್ತದೆ, ಹಿಂದಿನ ಕೋಣೆಯಾದರೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ ಹಾಕುವ ಟೂ-ಇನ್-ಒನ್‌ಗಳು, ವಾಲ್ವ್ ರೇಡಿಯೋಗಳು, ಶಾಲೆಯ ಸ್ಟೋರ್ ರೂಮಿನಲ್ಲಿರುವ ಧ್ವನಿವರ್ಧಕದ ಆಂಪ್ಲಿಫೈಯರ್, ಎಲ್ಲವೂ ಈ ಗುಂಪಿನವೇ. ಸೋಮವಾರಪೇಟೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದ ನಮ್ಮ ಭೌತವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರ ಬಳಿ ಎಲೆಕ್ಟ್ರಿಕ್ ಗಿಟಾರ್ ಇತ್ತು, ಆಂಪ್ಲಿಫೈಯರ್ ಇರಲಿಲ್ಲ. ಒಂಬತ್ತನೆಯ ತರಗತಿಯ ಶಬ್ದ ಪಾಠಕ್ಕೆ ಹಳೆಯ ಉಪಕರಣವನ್ನೇ ಆಂಪ್ಲಿಫೈಯರ್ ಮಾಡಿಕೊಳ್ಳಬಹುದೇ ಎಂದು ಅವರು ಕೇಳಿದರು. ಮಾಡಿಕೊಳ್ಳಬಹುದು, ಆದರೆ ಎಲ್ಲದರಿಂದಲೂ ಅಲ್ಲ. ಯಾವುದರಿಂದ, ಯಾಕೆ ಎಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನ.

ಮೊದಲು ಗಿಟಾರಿನ ಕಡೆ ನೋಡೋಣ. ಎಲೆಕ್ಟ್ರಿಕ್ ಗಿಟಾರಿಗೆ ಟೊಳ್ಳು ಹೊಟ್ಟೆ ಇಲ್ಲದ್ದರಿಂದ ತಂತಿ ಮೀಟಿದರೆ ಮುಂದಿನ ಬೆಂಚಿಗಷ್ಟೇ ಕೇಳಿಸುತ್ತದೆ. ತಂತಿಗಳ ಕೆಳಗಿರುವ ಪಿಕಪ್ ಎಂದರೆ ಆಯಸ್ಕಾಂತಗಳ ಸುತ್ತ ಕೂದಲಿಗಿಂತ ದಪ್ಪವಿಲ್ಲದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ವಿಭವಾಂತರ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ನೈಲಾನ್ ತಂತಿ ಹಾಕಿದರೆ ಏನಾಗುತ್ತದೆ ಎಂದು ಇಲ್ಲಿ ಕೇಳಿ, ಉತ್ತರಕ್ಕೆ ಕಾಯಿರಿ. ಪ್ರಶಿಕ್ಷಣಾರ್ಥಿಗಳು ಪ್ರಶ್ನೆ ಕೇಳಿ ಮೂರು ಸೆಕೆಂಡಿನಲ್ಲಿ ತಾವೇ ಉತ್ತರಿಸಿಬಿಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಹೀಗೆ ಹುಟ್ಟುವ ವಿಭವಾಂತರ ಸಾಮಾನ್ಯವಾಗಿ ನೂರಿನ್ನೂರು ಮಿಲಿವೋಲ್ಟ್. ಟೂ-ಇನ್-ಒನ್‌ನ ಸ್ಪೀಕರ್ ಆಂಪ್ಲಿಫೈಯರಿಗೆ ಅಷ್ಟು ಸಾಕು. ಹಾಗಾದರೆ ನೇರವಾಗಿ ಜೋಡಿಸಿದರೆ ಮುಗಿಯಿತಲ್ಲವೇ? ಜೋಡಿಸಿದಾಗ ಶಬ್ದ ಬಂತು, ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಂತೆ ಅದು ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ಪಾಠದ ಜೀವ ಇರುವುದು ಈ ಕಂಬಳಿಯಲ್ಲಿ. ಅದನ್ನು ಬಿಡಿಸಿ ನೋಡೋಣ.

ಪಿಕಪ್ಪಿನ ಸುರುಳಿಯ ರೋಧ ಸುಮಾರು 7 ಕಿಲೋ ಓಮ್. ಅದರ ಇಂಡಕ್ಟೆನ್ಸ್ ಸುಮಾರು 2.5 ಹೆನ್ರಿ ಎಂದುಕೊಳ್ಳಿ. ಆವೃತ್ತಿ ಹೆಚ್ಚಿದಂತೆ ಸುರುಳಿ ಒಡ್ಡುವ ಅಡ್ಡಿಯೂ ಹೆಚ್ಚುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಸ್‌ನಲ್ಲಿ ಇಂಡಕ್ಟೆನ್ಸಿನ ಅಡ್ಡಿ 1.3 ಕಿಲೋ ಓಮ್ ಆದರೆ, ಧ್ವನಿಗೆ ಹೊಳಪು ಕೊಡುವ 3000 ಹರ್ಟ್ಸ್‌ನಲ್ಲಿ ಅದು 47 ಕಿಲೋ ಓಮ್. ಟೂ-ಇನ್-ಒನ್‌ನ ವಾಲ್ಯೂಮ್ ಕಂಟ್ರೋಲಿನ ರೋಧ 10 ಕಿಲೋ ಓಮ್ ಇದ್ದರೆ, ಸಂಕೇತವು ಪಿಕಪ್ ಮತ್ತು ವಾಲ್ಯೂಮ್ ಕಂಟ್ರೋಲಿನ ನಡುವೆ ಹಂಚಿಹೋಗುತ್ತದೆ. ಲೆಕ್ಕ ಹಾಕಿದರೆ ದಪ್ಪ ತಂತಿಯ ಮೂಲಸ್ವರದಲ್ಲಿ ಹತ್ತರಲ್ಲಿ ಆರು ಪಾಲು ದಾಟುತ್ತದೆ, 3000 ಹರ್ಟ್ಸ್‌ನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ. ಎತ್ತರದ ಅಂಶಗಳು ಹೀಗೆ ಸೋರಿಹೋದಾಗ ಉಳಿಯುವುದೇ ಕಂಬಳಿ ಹೊದ್ದ ಧ್ವನಿ. ಪಿಕಪ್ ನೋಡುವ ರೋಧ 10 ಕಿಲೋ ಓಮ್ ಬದಲು 1 ಮೆಗಾ ಓಮ್ ಆದರೆ ಎರಡೂ ಹೆಚ್ಚುಕಡಿಮೆ ಪೂರ್ತಿ ದಾಟುತ್ತವೆ. ಇದು ಸ್ಥೂಲ ಲೆಕ್ಕ, ಕೇಬಲ್ಲಿನ ಪರಿಣಾಮವನ್ನು ಬಿಟ್ಟಿದ್ದೇನೆ. ಒಂಬತ್ತನೆಯ ತರಗತಿಗೆ ಈ ಅಂಕಿಗಳು ಬೇಡ, ಅವರಿಗೆ ಕಿವಿ ಸಾಕು. ಆದರೆ ಬೋಧಿಸುವವರಿಗೆ ಲೆಕ್ಕ ತಿಳಿದಿರಬೇಕು.

ಆದ್ದರಿಂದ ನಡುವೆ ಒಂದು ಬಫರ್ ಬೇಕು. ಕಾಲೇಜು ಪ್ರಯೋಗಾಲಯಗಳಲ್ಲಿ ಎಫ್‌ಇಟಿ ಪ್ರಯೋಗಕ್ಕೆ ಬಳಸುವ ಬಿಎಫ್‌ಡಬ್ಲ್ಯು 10 ಟ್ರಾನ್ಸಿಸ್ಟರ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಡ್ರೈನನ್ನು 9 ವೋಲ್ಟ್ ಬ್ಯಾಟರಿಯ ಧನ ತುದಿಗೆ ಜೋಡಿಸಿ. ಸೋರ್ಸಿನಿಂದ 4.7 ಕಿಲೋ ಓಮ್ ರೋಧಕ, ಗೇಟಿನಿಂದ 1 ಮೆಗಾ ಓಮ್ ರೋಧಕ, ಎರಡೂ ಋಣ ತುದಿಗೆ. ಕವಚಕ್ಕೆ ಸೇರಿದ ನಾಲ್ಕನೆಯ ಕಾಲೂ ಋಣ ತುದಿಗೇ. ಗಿಟಾರಿನ ಸಂಕೇತ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಗೇಟಿಗೆ ಹೋಗಲಿ, ಸೋರ್ಸಿನಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಹೊರಬರಲಿ. ಗಿಟಾರಿನ, ಬಫರಿನ ಮತ್ತು ಟೂ-ಇನ್-ಒನ್‌ನ ಋಣ ತುದಿಗಳು ಒಂದಾಗಿರಬೇಕು. ಈ ಬಫರ್ ಧ್ವನಿಯನ್ನು ದೊಡ್ಡದು ಮಾಡುವುದಿಲ್ಲ, ಗಿಟಾರಿಗೆ 1 ಮೆಗಾ ಓಮ್ ತೋರಿಸಿ ಟೂ-ಇನ್-ಒನ್‌ಗೆ ಸಂಕೇತವನ್ನು ದಾಟಿಸುತ್ತದೆ, ಅಷ್ಟೆ. ಹೊರಬಂದ ಸಂಕೇತವನ್ನು ವಾಲ್ಯೂಮ್ ಕಂಟ್ರೋಲಿನ ಮೇಲಿನ ಕಾಲಿಗೆ ಬೆಸೆಯಬೇಕು. ಅಲ್ಲಿಗೆ ಬರುತ್ತಿದ್ದ ರೇಡಿಯೋ ಮತ್ತು ಟೇಪಿನ ತಂತಿಯನ್ನು ಮೊದಲೇ ಬಿಡಿಸಿರಬೇಕು. ಆಕ್ಸ್ ತೂತು ಇರುವ ಸೆಟ್ಟಾದರೆ ಬೆಸುಗೆಯೂ ಬೇಡ.

ಮಳೆಗಾಲ ಕಂಡ ಸೆಟ್ಟುಗಳಿಗೆ ಮೊದಲು ಎರಡು ಪರೀಕ್ಷೆ ಮಾಡಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಒಳಗಿನ ಪಟ್ಟಿ ಕೊಳೆಯಾಗಿದೆ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಸಲ ತಿರುಗಿಸಿದರೆ ಬಹುಪಾಲು ಸರಿಯಾಗುತ್ತದೆ. ಸ್ಪೀಕರಿನ ಕಾಗದದ ಶಂಕುವನ್ನು ಎರಡು ಬೆರಳಿನಿಂದ ಸಮವಾಗಿ ಒತ್ತಿ ನೋಡಿ. ಕೆರೆದ ಸದ್ದು ಬಂದರೆ ತೇವಕ್ಕೆ ಶಂಕು ಸೊಟ್ಟಗಾಗಿ ಒಳಗಿನ ಸುರುಳಿ ಉಜ್ಜುತ್ತಿದೆ ಎಂದರ್ಥ. ಆ ಸ್ಪೀಕರಿನ ಆಸೆ ಬಿಡಿ.

ಹಳೆಯ ರೇಡಿಯೋ ಮತ್ತು ಗಿಟಾರಿನ ನಂಟು ಹೊಸದೇನಲ್ಲ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಕ್ವೀನ್ ತಂಡದ ಜಾನ್ ಡೀಕನ್ 1970ರ ದಶಕದ ಆರಂಭದಲ್ಲಿ ಕಸದಲ್ಲಿ ಸಿಕ್ಕ ರೇಡಿಯೋ ಸರ್ಕ್ಯೂಟ್ ಬೋರ್ಡಿನಿಂದ ಮಾಡಿದ ಪುಟ್ಟ ಆಂಪ್ಲಿಫೈಯರನ್ನು ಬ್ರಯಾನ್ ಮೇ ಆ ತಂಡದ ಧ್ವನಿಮುದ್ರಣಗಳಲ್ಲಿ ಬಳಸಿದರು. ಅದರಲ್ಲಿದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಬೆಂಗಳೂರಿನ ಬಿಇಎಲ್ ಕೂಡ 1962ರಲ್ಲಿ ಜರ್ಮೇನಿಯಂ ಸಾಧನಗಳ ತಯಾರಿಕೆ ಆರಂಭಿಸಿತ್ತು. ಅಟ್ಟದ ಟ್ರಾನ್ಸಿಸ್ಟರ್ ರೇಡಿಯೋ ತೆರೆದಾಗ ಆ ಗುರುತು ಕಂಡರೆ ಮಕ್ಕಳಿಗೆ ತೋರಿಸಿ. ಡೀಕನ್ನರ ಆಂಪ್ಲಿಫೈಯರ್ ನಡೆಯುತ್ತಿದ್ದದ್ದು 9 ವೋಲ್ಟ್ ಬ್ಯಾಟರಿಯಿಂದ ಎಂಬುದನ್ನು ಮುಂದಿನ ಮಾತಿಗಾಗಿ ನೆನಪಿಡಿ.

ಎರಡನೆಯ ದಿನ ಹುಡುಗನೊಬ್ಬ ಅಜ್ಜನ ವಾಲ್ವ್ ರೇಡಿಯೋವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಅದರ ಹಿಂಬದಿಯಲ್ಲಿ ಪಿಕಪ್ ಎಂದು ಬರೆದ ಎರಡು ತೂತುಗಳಿದ್ದವು. ಗಿಟಾರಿನಲ್ಲೂ ಪಿಕಪ್, ಇಲ್ಲೂ ಪಿಕಪ್, ಜೋಡಿಸೋಣ ಸಾರ್ ಎಂದ. ಅವನ ತರ್ಕದಲ್ಲಿ ಅರ್ಧ ಸರಿಯೇ ಇತ್ತು. ಆ ತೂತುಗಳು ಗ್ರಾಮಫೋನಿನ ಪಿಕಪ್ಪಿಗೆಂದು ಮಾಡಿದವು. ಹರಳಿನ ಪಿಕಪ್ಪಿಗೂ ದೊಡ್ಡ ರೋಧವೇ ಬೇಕಿದ್ದರಿಂದ ಗಿಟಾರಿಗೂ ಅವು ಹೊಂದುತ್ತವೆ, ಬಫರ್ ಇಲ್ಲದೆಯೇ ಧ್ವನಿ ಚೆನ್ನಾಗಿ ಬರುತ್ತದೆ. ಅಪಾಯ ಇರುವುದೂ ಅಲ್ಲೇ. ಎಸಿ-ಡಿಸಿ ಎರಡರಲ್ಲೂ ನಡೆಯುವಂತೆ ಮಾಡಿದ ಹಳೆಯ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಲೋಹದ ಚೌಕಟ್ಟು ಮನೆಯ ವಿದ್ಯುತ್ತಿನ ಒಂದು ತಂತಿಗೆ ನೇರವಾಗಿ ಸೇರಿರುತ್ತದೆ. ಎರಡು ಕಾಲಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಚೌಕಟ್ಟಿಗೆ 230 ವೋಲ್ಟ್ ಬರುತ್ತದೆ. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಸೇರುವುದು ಆ ಚೌಕಟ್ಟಿಗೇ. ಬಾರಿಸುವವನ ಹತ್ತು ಬೆರಳುಗಳು ಆ ತಂತಿಗಳ ಮೇಲಿರುತ್ತವೆ, ಕಾಲು ಆಗಸ್ಟ್ ತಿಂಗಳ ಒದ್ದೆ ನೆಲದ ಮೇಲೆ. ಟ್ರಾನ್ಸ್‌ಫಾರ್ಮರ್ ಇರುವ ವಾಲ್ವ್ ಸೆಟ್ಟುಗಳಲ್ಲೂ ಒಳಗೆ ಇನ್ನೂರು ಮುನ್ನೂರು ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು.

ಬೇಡ ಎಂದಾಗ ಹುಡುಗನ ಮುಖ ಇಳಿಯಿತು. ಅಷ್ಟು ದೂರದಿಂದ ಹೊತ್ತು ತಂದದ್ದು. ಪ್ರಶಿಕ್ಷಣಾರ್ಥಿ ಆ ಸೆಟ್ಟನ್ನು ಹಿಂದಕ್ಕೆ ಕಳಿಸದೆ, ಪ್ಲಗ್ ಚುಚ್ಚದೆ, ಮೇಜಿನ ಮೇಲಿಟ್ಟು, ಇದನ್ನು ಯಾಕೆ ಜೋಡಿಸುತ್ತಿಲ್ಲ ಎಂಬ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಅವನಿಂದಲೇ ಬರೆಸಿದರು. ಗೋಡೆಯ ಪ್ಲಗ್ಗಿನಿಂದ ಚೌಕಟ್ಟು, ಕೇಬಲ್, ತಂತಿ, ಬೆರಳು, ನೆಲದವರೆಗೆ ಗೆರೆ ಎಳೆದು ಮುಗಿಸಿದಾಗ ತರಗತಿ ಸದ್ದಿಲ್ಲದೆ ನೋಡುತ್ತಿತ್ತು. ಪಾಠ ಯೋಜನೆಯಲ್ಲಿ ಇದು ಇರಲಿಲ್ಲ. ವೀಕ್ಷಣಾ ನಮೂನೆಯಲ್ಲಿ ಇದಕ್ಕೆ ಅಂಕ ಕೊಡುವ ಕಾಲಮ್ಮೂ ಇಲ್ಲ. ನಾನು ಅದನ್ನು ಷರಾದಲ್ಲಿ ಬರೆದೆ.

ಶಾಲೆಯ ಧ್ವನಿವರ್ಧಕದ ಆಂಪ್ಲಿಫೈಯರ್ ಬಳಸಬಹುದೇ ಎಂದು ಬೇರೆ ತಂಡದವರು ಕೇಳಿದ್ದಾರೆ. ಅದರ ಮೈಕ್ ತೂತು ಕೆಲವೇ ಮಿಲಿವೋಲ್ಟಿಗೆಂದು ಮಾಡಿದ್ದು, ಗಿಟಾರ್ ಅಲ್ಲಿ ಒಡೆದ ಧ್ವನಿಯಲ್ಲಿ ಅರಚುತ್ತದೆ. ಆಕ್ಸ್ ತೂತಿಗೆ ಬಫರಿನ ಮೂಲಕ ಜೋಡಿಸಿದರೆ ನಡೆಯುತ್ತದೆ. ಆದರೆ ಮೂರು ಕಾಲಿನ ಪ್ಲಗ್ ಮತ್ತು ಗೋಡೆಯ ಅರ್ಥಿಂಗ್ ಸರಿ ಇವೆ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳಿದ ಮೇಲೆಯೇ, ಅದೂ ಶಿಕ್ಷಕರ ಕೈಯಲ್ಲಿ. ಮಕ್ಕಳ ಕೈಗೆ ಗಿಟಾರ್ ಕೊಡುವ ಪಾಠವಾದರೆ ದೊಡ್ಡ ಟಾರ್ಚ್ ಸೆಲ್ ಹಾಕಿದ ಟೂ-ಇನ್-ಒನ್ ಮಾತ್ರ. ಅದರ ವಿದ್ಯುತ್ ತಂತಿಯನ್ನು ಬಿಚ್ಚಿ ಸ್ಟಾಫ್ ರೂಮಿನಲ್ಲಿಟ್ಟು ಬರಬೇಕೆಂದು ಮುಂದಿನ ತಂಡದ ಪಾಠ ಯೋಜನೆಯ ಪೂರ್ವಸಿದ್ಧತೆಯ ಅಂಕಣದಲ್ಲಿ ಈಗಲೇ ಬರೆಸಿದ್ದೇನೆ.