ಬೀದಿಗೊಂದು ಬೋರು ಕೇಳುವ ಸಭೆಯಲ್ಲಿ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಕಡೆ ರೇಷ್ಮೆ, ದ್ರಾಕ್ಷಿಯ ಮಾತು ಎಲ್ಲಿ ಶುರುವಾದರೂ ಕೊನೆಗೆ ನಿಲ್ಲುವುದು ನೀರಿನಲ್ಲಿ. ವರ್ಷವಿಡೀ ಹರಿಯುವ ಹೊಳೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಹಾಗಾಗಿ ವಾರ್ಡ್ ಸಭೆ ಸೇರಿದಾಗ ಮೊದಲು ಬರುವ ಬೇಡಿಕೆ ಒಂದೇ: ನಮ್ಮ ಬೀದಿಗೆ ಒಂದು ಬೋರು.

ಆ ಮಾತು ಕೇಳುವ ಸದಸ್ಯರ ಸ್ಥಿತಿ ಶಾಸಕರದ್ದಕ್ಕಿಂತ ಬಿಕ್ಕಟ್ಟಿನದು. ಕರ್ನಾಟಕದಲ್ಲಿ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಬೆಳಿಗ್ಗೆ ಡೇರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರೆಲ್ಲ ಅವರ ಮತದಾರರೇ, ಅರ್ಧದಷ್ಟು ಮಂದಿ ನೆಂಟರು. ಇಲ್ಲ ಎಂದರೆ ಮಾರನೆಯ ದಿನವೂ ಅದೇ ಮುಖ ನೋಡಬೇಕು.

ಆದರೂ ಇಲ್ಲ ಎನ್ನಲೇಬೇಕಾದ ಸಂದರ್ಭಗಳಿವೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದು ರಾಜ್ಯದ 1999ರ ಅಂತರ್ಜಲ ಕಾಯ್ದೆಯೇ ಹೇಳುತ್ತದೆ. ಊರಿಗೆಲ್ಲ ನೀರು ಕೊಡುವ ಪಂಚಾಯಿತಿ ಬೋರಿನ ಪಕ್ಕದ ತೋಟದಲ್ಲಿ ರಿಗ್ ಲಾರಿ ಬಂದು ನಿಂತಿದೆ ಎಂದುಕೊಳ್ಳಿ. ಹಿಪ್ಪುನೇರಳೆ ಒಣಗುತ್ತಿದೆ, ಮನೆಯಲ್ಲಿ ಹುಳು ಸೊಪ್ಪಿಗೆ ಕಾಯುತ್ತಿದೆ. ಆ ರೈತನ ಸಂಕಟ ಸುಳ್ಳಲ್ಲ. ಆದರೆ ಅವನ ಬೋರಿನಲ್ಲಿ ನೀರು ಚಿಮ್ಮಿದ ದಿನದಿಂದ ಊರಿನ ನಲ್ಲಿ ಸೊರಗಬಹುದು. ಕೈಕಟ್ಟಿ ನಿಂತ ಸದಸ್ಯ ಜನರ ಮಾತು ಕೇಳಿದಂತೆ ಕಾಣುತ್ತಾನೆ. ವಾಸ್ತವದಲ್ಲಿ ಅವನು ಕೇಳಿಸಿಕೊಂಡದ್ದು ಗಟ್ಟಿ ದನಿಯ ಒಬ್ಬನನ್ನು ಮಾತ್ರ.

ಜನರ ಮಾತು ಕೇಳುತ್ತಲೇ ಮುನ್ನಡೆಸುವ ಕೆಲಸಕ್ಕೆ ಕರ್ನಾಟಕದಲ್ಲಿ ದೊಡ್ಡ ಹೆಸರು ಅಬ್ದುಲ್ ನಜೀರ್ ಸಾಬ್ ಅವರದು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಅದು ಜನ ಕೇಳಿದ್ದು. ಜೊತೆಗೆ ಜನ ಅಷ್ಟಾಗಿ ಕೇಳಿರದ ಇನ್ನೊಂದನ್ನೂ ಅವರು ತಂದರು: 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ, ಅವುಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ. 1987ರಲ್ಲಿ ಚುನಾವಣೆಯೂ ನಡೆಯಿತು. ಕೇಳುವುದೂ ಮುನ್ನಡೆಸುವುದೂ ಒಬ್ಬರಲ್ಲೇ ಕೂಡಿಬಂದ ಅಪರೂಪದ ಉದಾಹರಣೆ ಅದು.

ಕೇಳದೆ ಮುನ್ನಡೆಸಿದರೆ ಏನಾಗುತ್ತದೆಂಬುದಕ್ಕೆ ಪಕ್ಕದ ಕೋಲಾರವೇ ಸಾಕ್ಷಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆ ತಲುಪಿತು. ಕೆಲವೇ ವಾರಗಳಲ್ಲಿ ನೊರೆ ಎದ್ದಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಹೋರಾಟಗಾರರು ಪಟ್ಟು ಹಿಡಿದರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಚಿಕ್ಕಬಳ್ಳಾಪುರದ ಕಡೆಗೆ ಇಂಥದ್ದೇ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬಂದಾಗಲೂ ಅದೇ ಪ್ರಶ್ನೆ ಎದ್ದಿತು. ಒಣಗಿದ ಕೆರೆಗೆ ನೀರು ಬೇಕಾಗಿತ್ತು, ನಿಜ. ಆದರೆ ಆ ನೀರು ಇಂಗಿ ತನ್ನದೇ ಬೋರಿಗೆ ಇಳಿಯುತ್ತದೆ ಎಂದು ಗೊತ್ತಿರುವ ರೈತನ ಅಂಜಿಕೆಯನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವುದು ಅನ್ಯಾಯ.

ಕೇಳಿಸಿಕೊಳ್ಳಲು ಕಾನೂನಿನಲ್ಲಿ ಜಾಗವಿದೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಬಂದವರಲ್ಲಿ ಸಾಧ್ಯವಾದಷ್ಟೂ ಶೇ. 30ರಷ್ಟು ಹೆಂಗಸರಿರಬೇಕು. ಈ ಹೆಂಗಸರ ಲೆಕ್ಕವನ್ನು ಸಹಿಗಾಗಿ ಭರ್ತಿ ಮಾಡುವ ಊರುಗಳು ಬಹಳ ಕಳೆದುಕೊಳ್ಳುತ್ತವೆ. ನಲ್ಲಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಎಷ್ಟು ಕೊಡ ತುಂಬುವಷ್ಟರಲ್ಲಿ ನಿಲ್ಲುತ್ತದೆ, ಯಾವ ತಿರುವಿನಲ್ಲಿ ಪೈಪು ಸೋರುತ್ತದೆ ಎಂಬುದೆಲ್ಲ ಅವರ ಬಾಯಲ್ಲಿದೆ. ಅಷ್ಟು ಕೇಳಿದರೆ, ಬೇಕಾದದ್ದು ಹೊಸ ಬೋರೋ, ಸೋರುವ ಪೈಪಿನ ರಿಪೇರಿಯೋ ಎಂಬುದು ಅಲ್ಲೇ ತಿಳಿಯುತ್ತದೆ.

ಹಣದ ಮಾತನ್ನೂ ಸಭೆಯ ಮುಂದೆ ಬಿಚ್ಚಿಡಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮಳೆನೀರು ಸಂಗ್ರಹವೂ ಅದರಲ್ಲೇ ಸೇರಿತ್ತು. ಇಂಥ ಹಣ ಬಂದಾಗ ಹೊಸ ಬೋರಿಗೆ ಎಷ್ಟು, ಕೆರೆಗೆ ನೀರು ತರುವ ರಾಜಕಾಲುವೆಗೆ ಎಷ್ಟು ಎಂದು ಕೇಳಿದಾಗ ಜಗಳ ಬರುತ್ತದೆ. ಬರಲಿ. ಜಗಳವಾಡಿದವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಮುಂದಿನ ಸಭೆಯಲ್ಲಿ ಸದಸ್ಯರು ಅದೇ ಪುಟ ತೆರೆದು, ಯಾವ ಬೇಡಿಕೆ ಏಕೆ ನಿಂತಿತು ಎಂದು ಅವರೆದುರೇ ಓದಿ ಹೇಳಲಿ.