ಕ್ಷಕಿರಣ ಯಂತ್ರವೂ ಅದರ ನೀರುಗಂಟಿಯೂ

ವಿಶ್ವವಿದ್ಯಾನಿಲಯವೊಂದಕ್ಕೆ ಬೆಲೆಯುಳ್ಳ ಯಂತ್ರವು ಬಂದ ದಿನ ಏನೇನು ನಡೆಯುವುದೆಂಬುದನ್ನು ನಮ್ಮ ವಾಚಕರು ಬಲ್ಲರು. ತೋರಣ, ತೆಂಗಿನಕಾಯಿ, ಕುಲಪತಿಗಳ ಭಾಷಣ, ಗೋಡೆಯಲ್ಲೊಂದು ಅಮೃತಶಿಲೆಯ ಫಲಕ. ಅದೇ ಯಂತ್ರವು ಕೆಟ್ಟು ನಿಂತ ದಿನ ಭಾಷಣವಿಲ್ಲ. ಬಾಗಿಲಿಗೆ ಒಂದು ಚೀಟಿಯನ್ನು ಅಂಟಿಸುವರು, ಅಷ್ಟೆ. ಈ ಎರಡು ದಿನಗಳ ನಡುವಣ ಕಾಲವನ್ನು ಯಾರು ನಡೆಸಬೇಕೆಂಬ ವಿಷಯದಲ್ಲಿ ನಾವು ಇಂದು ಕೆಲವು ಮಾತುಗಳನ್ನು ಬರೆಯಬೇಕೆಂದಿರುವೆವು. ಉದಾಹರಣೆಗಾಗಿ ಸ್ಫಟಿಕಗಳ ಒಳರಚನೆಯನ್ನು ಕ್ಷಕಿರಣಗಳಿಂದ ತಿಳಿಯುವ ಪ್ರಯೋಗಶಾಲೆಯನ್ನು ಆರಿಸಿಕೊಂಡಿದ್ದೇವೆ. ಹಲವರಿಗೆ ಒಂದೇ ಯಂತ್ರವೆಂಬ ಏರ್ಪಾಡಿನ ಗುಣವೂ ಕಷ್ಟವೂ ಅಲ್ಲಿ ಚೆನ್ನಾಗಿ ಕಾಣುವುವು.

ಶಾಸ್ತ್ರವು ಹೊಸದೇನೂ ಅಲ್ಲ. ರಾಂಟ್‌ಗೆನ್ನನು ಕ್ಷಕಿರಣಗಳನ್ನು ಕಂಡದ್ದು 1895ರಲ್ಲಿ. ಈ ಕಿರಣಗಳು ಸ್ಫಟಿಕವನ್ನು ಹೊಕ್ಕು ಹೊರಬರುವಾಗ ಕ್ರಮಬದ್ಧವಾದ ಚುಕ್ಕೆಗಳನ್ನು ಮೂಡಿಸುವುವೆಂದು 1912ರಲ್ಲಿ ಜರ್ಮನಿಯ ಲಾವೆ ಎಂಬ ಪಂಡಿತನ ಪ್ರೇರಣೆಯಿಂದ ತಿಳಿದುಬಂದಿತು. ಆ ಚುಕ್ಕೆಗಳಿಂದ ಪರಮಾಣುಗಳ ನೆಲೆಯನ್ನು ಲೆಕ್ಕಹಾಕುವ ದಾರಿಯನ್ನು ತೋರಿದವರು ಬ್ರಾಗ್ ಎಂಬ ತಂದೆ-ಮಗ. 1915ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಬಂದಾಗ ಮಗನ ವಯಸ್ಸು 25. ಸೀರೆಯ ಬುಟ್ಟಾಗಳಂತೆ ಪರಮಾಣುಗಳು ಸ್ಫಟಿಕದಲ್ಲಿ ಒಂದೇ ಮಾದರಿಯಾಗಿ ಮತ್ತೆ ಮತ್ತೆ ಬರುವುದರಿಂದಲೇ ಈ ಲೆಕ್ಕವು ಸಾಧ್ಯ. ಪೆನಿಸಿಲಿನ್ನಿನ ನಿಜವಾದ ಆಕಾರವನ್ನು ಡಾರತಿ ಹಾಡ್ಕಿನ್ನರು 1945ರಲ್ಲಿ ಕಂಡದ್ದೂ ಹೀಗೆಯೆ.

ನಮ್ಮ ದೇಶವು ಈ ವಿದ್ಯೆಗೆ ಹೊರಗಿನದಲ್ಲ. ರಾಮನ್ನರ ಶಿಷ್ಯರಾದ ಜಿ. ಎನ್. ರಾಮಚಂದ್ರನ್ನರು ಗೋಪಿನಾಥ ಕರ್ತಾ ಅವರೊಡನೆ 1954-55ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಕೊಲಾಜೆನ್ ಎಂಬ ದೇಹದ್ರವ್ಯವು ಮೂರೆಳೆಯ ಹುರಿಯಂತಿರುವುದೆಂದು ಸಾಧಿಸಿದರು. ಅದಕ್ಕೆ ಬೇಕಾದ ಪದಾರ್ಥವು ದೊರೆತದ್ದು ಆ ಊರಿನದೇ ಆದ ಚರ್ಮ ಸಂಶೋಧನಾಲಯದಿಂದ ಎಂಬುದನ್ನು ಗಮನಿಸಬೇಕು. ಒಂದು ಸಂಸ್ಥೆಯ ಬಾಗಿಲು ಇನ್ನೊಂದಕ್ಕೆ ತೆರೆದಿತ್ತು. ಬೆಂಗಳೂರಿನಲ್ಲಿ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಧನದಿಂದ ಇಂಥದೊಂದು ಯಂತ್ರವನ್ನು ಹೊರಗಿನವರಿಗೂ ತೆರೆದಿಟ್ಟಾಗ, ಸಣ್ಣ ಊರುಗಳ ಕಾಲೇಜುಗಳ ರಸಾಯನಶಾಸ್ತ್ರಜ್ಞರು ಎಷ್ಟು ಮಂದಿ ಅದರಿಂದ ಲಾಭ ಪಡೆದರೆಂಬುದು ಅವರ ಪ್ರಬಂಧಗಳ ಕೊನೆಯ ಕೃತಜ್ಞತೆಯ ಸಾಲನ್ನು ಓದಿದರೆ ತಿಳಿಯುವುದು. ಅಂಥ ಯಂತ್ರವನ್ನು ತಾವೇ ಕೊಳ್ಳುವುದು ಆ ಕಾಲೇಜುಗಳಿಂದ ಎಂದಿಗೂ ಆಗುತ್ತಿರಲಿಲ್ಲ.

ಹಂಚಿಕೊಳ್ಳಲೇಬೇಕಾದ ಕಾರಣವು ಸರಳವಾಗಿದೆ. ಹಿಂದೆ ಚುಕ್ಕೆಗಳನ್ನು ಫಿಲ್ಮಿನ ಮೇಲೆ ಹಿಡಿದು ಕಣ್ಣಳತೆಯಿಂದ ತೂಗಬೇಕಾಗಿತ್ತು. ಒಂದು ರಚನೆಗೆ ತಿಂಗಳುಗಳು, ಕೆಲವಕ್ಕೆ ವರ್ಷಗಳು. ಈಗ ಒಳ್ಳೆಯ ಸ್ಫಟಿಕವಾದರೆ ಕೆಲವು ಗಂಟೆಗಳು ಸಾಕು. ಕೋಟಿಗಳ ಲೆಕ್ಕದ ಯಂತ್ರಕ್ಕೆ ಒಂದೇ ವಿಭಾಗವು ವರ್ಷವಿಡೀ ಕೆಲಸ ಕೊಡಲಾರದು. ಅದು ಒಂದು ಪ್ರಾಂತ್ಯಕ್ಕೆ ಸಾಕಾಗುವ ಕೆರೆ.

ಕೆರೆಯೆಂದಮೇಲೆ ನೀರುಗಂಟಿಯು ಬೇಕು. ಆತನ ಕೆಲಸವೇನೆಂಬುದು ನಮ್ಮ ಅಧಿಕಾರಿವರ್ಗಕ್ಕೆ ತಿಳಿದಂತೆ ಕಾಣುವುದಿಲ್ಲವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಬೆಳಿಗ್ಗೆ ಸೀಸೆಗಳಲ್ಲಿ ಹರಳುಗಳು ಬರುವುವು. ಸೂಕ್ಷ್ಮದರ್ಶಕದ ಕೆಳಗಿಟ್ಟು ಅವುಗಳಲ್ಲಿ ಮಿಲಿಮೀಟರಿನ ಹತ್ತನೆಯ ಎರಡು ಪಾಲಿನಷ್ಟರ, ಬಿರುಕಿಲ್ಲದ, ಜೋಡಿಯಾಗಿ ಬೆಳೆಯದ ಒಂದನ್ನು ಆರಿಸಬೇಕು. ತಾಯಿದ್ರವದಿಂದ ಹೊರತೆಗೆದ ನಿಮಿಷದಲ್ಲೇ ಕೆಲವು ಹರಳುಗಳು ಬಿಳಿಯ ಪುಡಿಯಾಗುವುವು. ಅಂಥವನ್ನು ಎಣ್ಣೆಯಲ್ಲಿ ಅದ್ದಿ, ಸಣ್ಣ ಕುಣಿಕೆಯ ಮೇಲೆ ನಿಲ್ಲಿಸಿ, ಸೊನ್ನೆಗಿಂತ 173 ಡಿಗ್ರಿ ಕೆಳಗಿನ ನೈಟ್ರೊಜನ್ ಗಾಳಿಯಲ್ಲಿ ಹೆಪ್ಪುಗಟ್ಟಿಸಬೇಕು. ಅನಂತರ ಇಡೀ ಅಳತೆಗೆ ತೊಡಗುವ ಮೊದಲು ಕೆಲವು ನಿಮಿಷಗಳ ಪರೀಕ್ಷೆ. ವಿದ್ಯಾರ್ಥಿಯು ಹೊಸ ಪದಾರ್ಥವೆಂದು ತಂದದ್ದು ಆತನು ಪ್ರಯೋಗಕ್ಕೆ ಮೊದಲು ಸುರಿದ ಹಳೆಯ ಪದಾರ್ಥವೇ ಆಗಿರುವುದು ಅಪರೂಪವಲ್ಲ. 1965ರಲ್ಲಿ ಕೇಂಬ್ರಿಜ್ಜಿನಲ್ಲಿ ಆರಂಭವಾಗಿ 2019ರಲ್ಲಿ ಹತ್ತು ಲಕ್ಷವನ್ನು ಮುಟ್ಟಿದ ರಚನೆಗಳ ಭಂಡಾರವಿರುವುದು. ಅದರಲ್ಲಿ ಹುಡುಕಿ, ಇದು ತಿಳಿದದ್ದೇ, ಮುಂದುವರಿಯುವುದು ಬೇಡ ಎಂದು ಹೇಳಬಲ್ಲವನು ಯಂತ್ರದ ಅರ್ಧ ದಿನವನ್ನು ಉಳಿಸಿದಂತಾಯಿತು. ಲೆಕ್ಕವು ಮುಗಿದಮೇಲೂ ಪರಮಾಣುವೊಂದನ್ನು ತಪ್ಪಾಗಿ ಗುರುತಿಸಿದ್ದಾರೆಯೇ ಎಂದು ನೋಡುವ ಕಣ್ಣು ಬೇಕು. ಕಂಪ್ಯೂಟರು ಹಸುರು ಗುರುತು ತೋರಿಸಿದ ಮಾತ್ರಕ್ಕೆ ರಚನೆಯು ಸತ್ಯವಾಗದು.

ಇದರ ಮೇಲೆ ವಿದ್ಯುತ್ತು ಹೋದಾಗ ಎದ್ದು ಓಡುವುದು, ಕಿರಣನಾಳವನ್ನು ತಂಪಾಗಿಡುವ ನೀರಿನ ಯಂತ್ರವನ್ನು ತೊಳೆಯುವುದು, ದ್ರವ ನೈಟ್ರೊಜನ್ ತರಿಸುವುದು, ಕಿರಣವು ಯಾರ ಕೈಗೂ ತಗಲದಂತೆ ಬಾಗಿಲ ಬೀಗಗಳನ್ನು ಪರೀಕ್ಷಿಸುವುದು. ಹೊಸ ವಿದ್ಯಾರ್ಥಿಗಳಿಗೆ ಕಲಿಸುವುದು ಬೇರೆ.

ಇನ್ನು ಸರದಿಯ ಮಾತು. ಊರಿನ ನೀರುಗಂಟಿಯು ಪಟೇಲನ ಗದ್ದೆಗೂ ಬಡವನ ಗದ್ದೆಗೂ ಸರದಿಯಂತೆ ನೀರು ಬಿಡಬೇಕು. ಪ್ರಯೋಗಶಾಲೆಯಲ್ಲಿ ಪಟೇಲರಿಗೆ ಕೊರತೆಯಿಲ್ಲ. ವಿಭಾಗದ ಹಿರಿಯ ಪ್ರಾಧ್ಯಾಪಕರ ಹರಳು ಇಂದೇ ಆಗಬೇಕು. ಹೊರಗಿನ ಕಾಲೇಜಿನ ಹುಡುಗಿಯದು ಮುಂದಿನ ವಾರವೂ ಆಗಬಹುದು! ಸರದಿಯ ಪಟ್ಟಿಯನ್ನು ಎಲ್ಲರೂ ನೋಡುವಂತೆ ತೂಗುಹಾಕಿದರೆ ಈ ರೋಗವು ಬಹುಮಟ್ಟಿಗೆ ವಾಸಿಯಾಗುವುದೆಂದು ನಮ್ಮ ನಂಬಿಕೆ. ಬೇಗ ಕೆಡುವ ಹರಳಿಗೆ ಮಾತ್ರ ಮುಂದೆ ಬರುವ ಹಕ್ಕು. ಶುಲ್ಕವನ್ನೂ ಮುಂಚಿತವಾಗಿ ಪ್ರಕಟಿಸಬೇಕು. ವಿದ್ಯಾರ್ಥಿಗೆ ಹಗುರವಾಗಿಯೂ ಔಷಧದ ಕಂಪೆನಿಗಳಿಗೆ ಪೂರ್ಣ ವೆಚ್ಚದಂತೆಯೂ ಇರಲಿ. ಬಂದ ಹಣವು ವಿಶ್ವವಿದ್ಯಾನಿಲಯದ ಸಾಮಾನ್ಯ ಖಜಾನೆಯಲ್ಲಿ ಕರಗಿದರೆ ಮಾತ್ರ ಪ್ರಯೋಜನವಿಲ್ಲ.

ಹಣದ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ಜಾಣರು. ಕೆರೆಯನ್ನು ಕಟ್ಟಿಸುವಾಗಲೇ ಅದರ ಪಾಲನೆಗೆಂದು ಬಿತ್ತುವಟ್ಟವನ್ನು ಬಿಟ್ಟ ಸಂಗತಿಯನ್ನು ಕನ್ನಡನಾಡಿನ ಶಾಸನಗಳು ಊರೂರಿನಲ್ಲಿ ಹೇಳುತ್ತಿವೆ. ಈಗಿನ ಅನುದಾನಗಳೋ ಯಂತ್ರಕ್ಕೆ ಕೋಟಿಯನ್ನು ಕೊಟ್ಟು ಪಾಲನೆಗೆ ಕೈಬಿಗಿಯುವುವು. ಮಾರಾಟಗಾರರ ಭರವಸೆಯ ಅವಧಿಯು ತೀರಿದಮೇಲೆ ವಾರ್ಷಿಕ ದುರಸ್ತಿಯ ಕರಾರಿಗೆ ದುಡ್ಡಿಲ್ಲ. ನೀರುಗಂಟಿಯ ಗತಿಯು ಇನ್ನೂ ಶೋಚನೀಯ. ಹಲವು ಕಡೆ ಆತನು ಯಾವುದೋ ಯೋಜನೆಯ ಲೆಕ್ಕದಲ್ಲಿ ಎರಡು ಮೂರು ವರ್ಷಗಳ ಮಟ್ಟಿಗೆ ನೇಮಕವಾದ ಹಂಗಾಮಿ ನೌಕರ. ಕೈ ಪಳಗುವ ಹೊತ್ತಿಗೆ ಅವಧಿಯು ಮುಗಿಯುವುದು. ಆತನೊಡನೆ ಆತನ ಅನುಭವವೂ ಹೊರಟುಹೋಗುವುದು. ಕಷ್ಟದ ರಚನೆಯೊಂದನ್ನು ತಾನೇ ಬಿಡಿಸಿಕೊಟ್ಟರೂ ಪ್ರಬಂಧದಲ್ಲಿ ಹೆಸರಿಲ್ಲದಿರುವುದುಂಟು. ಯಂತ್ರ ನಡೆಸಿಕೊಟ್ಟಿದ್ದಕ್ಕೆ ಕೃತಜ್ಞತೆ ಸಾಕು. ರಚನೆಯನ್ನು ಬಿಡಿಸಿದವನು ಲೇಖಕನೇ ಸರಿ.

2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನ ಕಾಲದಲ್ಲಿ ಕೇಂದ್ರ ಸರಕಾರದವರು ಐ-ಸ್ಟೆಮ್ ಎಂಬ ಏರ್ಪಾಡನ್ನು ಆರಂಭಿಸಿ, ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆಯೆಂಬುದನ್ನು ಸಂಶೋಧಕರು ತಿಳಿದು ಸರದಿ ಹಿಡಿಯುವಂತೆ ಮಾಡಿದರು. ಇದು ಶ್ಲಾಘ್ಯವಾದ ಕಾರ್ಯ. ಆದರೆ ಯಂತ್ರವಿರುವುದು ಬೇರೆ, ಈ ದಿನ ಓಡುತ್ತಿರುವುದು ಬೇರೆ.

ಒಂದು ಯಂತ್ರಕ್ಕಾಗಿ ಖಾಯಂ ಹುದ್ದೆಯೇ ಎಂದು ಲೆಕ್ಕಪತ್ರದ ಅಧಿಕಾರಿಗಳು ಕೇಳಬಹುದು. ಆ ಯಂತ್ರವು ಒಂದು ವರ್ಷ ನಿಂತರೆ ಎಷ್ಟು ಕಾಲೇಜುಗಳ ಎಷ್ಟು ವಿದ್ಯಾರ್ಥಿಗಳ ಪ್ರಬಂಧಗಳು ನಿಲ್ಲುವುವೆಂಬ ಲೆಕ್ಕವನ್ನೂ ಅವರು ಅದೇ ಹಾಳೆಯಲ್ಲಿ ಬರೆಯಲಿ. ಸಿಂಡಿಕೇಟಿನ ಸದಸ್ಯರು ಮುಂದಿನ ಆಯವ್ಯಯದ ಸಭೆಯಲ್ಲಿ ಹೊಸ ಯಂತ್ರದ ಬೇಡಿಕೆಯನ್ನು ಮಂಜೂರು ಮಾಡುವ ಮುನ್ನ, ಅದನ್ನು ನಡೆಸುವವನ ಸಂಬಳವು ಯಾವ ಪುಟದಲ್ಲಿದೆಯೆಂದು ಕೇಳುವರೆಂದು ನಾವು ಎದುರುನೋಡುತ್ತಿದ್ದೇವೆ.