ನೋಂದಣಿಯಾದ ಮಾತ್ರಕ್ಕೆ ನಿವೇಶನ ನಮ್ಮದೇ?

ನಿವೃತ್ತರೊಬ್ಬರು ತಮಗೆ ಬಂದ ಗ್ರಾಚ್ಯುಯಿಟಿ ಹಣವನ್ನೆಲ್ಲ ಹಾಕಿ ಬೆಂಗಳೂರಿನ ಹೊರವಲಯದಲ್ಲಿ ಮೂವತ್ತು-ನಲವತ್ತರ ನಿವೇಶನವೊಂದನ್ನು ಕೊಂಡರು ಎಂದಿಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಕಟ್ಟಿದ್ದಾಯಿತು, ಕ್ರಯಪತ್ರ ನೋಂದಣಿಯಾಯಿತು, ಖಾತೆಯೂ ಅವರ ಹೆಸರಿಗೆ ಬಂತು. ಐದು ವರ್ಷಗಳ ನಂತರ ಮಗಳ ಮದುವೆಗೆಂದು ಅದನ್ನು ಮಾರಲು ಹೊರಟಾಗ ನ್ಯಾಯಾಲಯದ ಸಮನ್ಸ್ ಕೈಸೇರುತ್ತದೆ. ಜಮೀನು ಮಾರಿದ ಅಣ್ಣತಮ್ಮಂದಿರಿಗೆ ಒಬ್ಬ ಸಹೋದರಿ ಇದ್ದಾರೆ. ಆಕೆಯ ಸಹಿಯನ್ನು ಯಾರೂ ಪಡೆದಿರಲಿಲ್ಲ.

ಇಷ್ಟು ಸರ್ಕಾರಿ ಮೊಹರು ಬಿದ್ದ ಮೇಲೂ ಹೀಗಾಗುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. 1908ರ ನೋಂದಣಿ ಕಾಯ್ದೆಯಡಿ ದಾಖಲಾಗುವುದು ವ್ಯವಹಾರವೇ ಹೊರತು ಒಡೆತನವಲ್ಲ. ಇಂಥವರು ಇಂಥವರಿಗೆ ಈ ಪತ್ರ ಬರೆದುಕೊಟ್ಟರು ಎಂಬುದಕ್ಕೆ ಅದು ಸಾಕ್ಷಿ. ಬರೆದುಕೊಟ್ಟವರಿಗೆ ಆ ಹಕ್ಕು ಇತ್ತೇ ಎಂಬುದನ್ನು ತೀರ್ಮಾನಿಸುವುದು ಉಪನೋಂದಣಾಧಿಕಾರಿಗಳ ಕೆಲಸವಲ್ಲ. 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟಪಡಿಸಿತು. ಇನ್ನು ಖಾತೆ ಎಂಬುದು ಕಂದಾಯ ವಸೂಲಿಗಾಗಿ ಇಟ್ಟಿರುವ ಲೆಕ್ಕ. ತೆರಿಗೆ ಕಟ್ಟುವವರೆಲ್ಲ ಒಡೆಯರಾಗುವುದಿಲ್ಲ.

ಎಲ್ಲ ದೇಶಗಳಲ್ಲೂ ಹೀಗೆಯೇ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಎಂಬುವರು 1858ರಲ್ಲಿ ಜಾರಿಗೆ ತಂದ ಪದ್ಧತಿಯಂತೆ ಸರ್ಕಾರಿ ವಹಿಯಲ್ಲಿ ಹೆಸರಿದ್ದವರೇ ಒಡೆಯರು. ಅದಕ್ಕೆ ಸರ್ಕಾರವೇ ಹೊಣೆ. ನಮ್ಮಲ್ಲಿ ಆ ಖಾತರಿ ಇಲ್ಲದಿರುವುದರಿಂದ ಹಿಂದಿನ ಕಥೆಯನ್ನು ಕೊಳ್ಳುವವರೇ ಓದಬೇಕು.

ಆ ಸಹೋದರಿಯ ವಿಷಯವನ್ನೇ ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು. 2005ರ ತಿದ್ದುಪಡಿಯು ಪಿತ್ರಾರ್ಜಿತ ಸ್ವತ್ತಿನಲ್ಲೂ ಹುಟ್ಟಿನಿಂದಲೇ ಆಕೆಗೆ ಸಮಪಾಲು ಕೊಟ್ಟಿತು. ತಮಗಿಲ್ಲದ ಪಾಲನ್ನು ಅಣ್ಣತಮ್ಮಂದಿರು ಮಾರಲಾರರು. ಆಕೆ ದಾವೆ ಹೂಡಿದ್ದು ದುರಾಸೆಯಿಂದಲ್ಲ, ಹಕ್ಕಿನಿಂದ. ತಪ್ಪು ಮಾರಿದವರದು, ನಷ್ಟ ಮಾತ್ರ ಕೊಂಡವರದು.

ಇನ್ನೂ ಕಠಿಣವಾದದ್ದು ಮಂಜೂರಾತಿ ಜಮೀನಿನ ಪ್ರಶ್ನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಪೂರ್ವಾನುಮತಿಯಿಲ್ಲದೆ ಕೊಂಡರೆ, ಕರ್ನಾಟಕದ 1978ರ ಕಾಯ್ದೆಯಂತೆ ಆ ಕ್ರಯ ಅಸಿಂಧು. ಭೂಮಿ ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ಈ ಕಾಯ್ದೆಯ ಮೊರೆಹೋಗಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಬಡವರ ಭೂಮಿ ಬಿಡಿಗಾಸಿಗೆ ಕೈಬಿಟ್ಟು ಹೋಗಬಾರದೆಂಬ ಕಾನೂನು ಇದು, ನ್ಯಾಯವಾದದ್ದೇ. ಆದರೆ ಮಧ್ಯವರ್ತಿಗಳು ಇದರ ಸುದ್ದಿಯನ್ನೇ ಎತ್ತುವುದಿಲ್ಲ.

"ಪವರ್ ಆಫ್ ಅಟಾರ್ನಿ ಮಾಡಿಕೊಡುತ್ತೇವೆ, ಖರ್ಚು ಕಡಿಮೆ" ಎಂದು ಪುಸಲಾಯಿಸುವವರೂ ಉಂಟು. ಅಂಥ ಪತ್ರದಿಂದ ಒಡೆತನ ವರ್ಗವಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಭೂಪರಿವರ್ತನೆಯಾಗದ ಹೊಲವನ್ನು ಚೌಕ ಚೌಕವಾಗಿ ಕತ್ತರಿಸಿ ಮಾರುವ ರೆವಿನ್ಯೂ ಸೈಟುಗಳದು ಬೇರೆಯೇ ತೊಡಕು. ಅಲ್ಲಿ ಹಕ್ಕು ಸರಿಯಿದ್ದರೂ ಮನೆ ಕಟ್ಟಲು ಪರವಾನಗಿ, ಬ್ಯಾಂಕಿನ ಸಾಲ ಸಿಗುವುದು ಕಷ್ಟ.

ಹಾಗಾದರೆ ಓದಬೇಕಾದದ್ದೇನು? ಮೊದಲು ಮೂಲ ಹಕ್ಕುಪತ್ರ. ಅಲ್ಲಿಂದ ಇಂದಿನವರೆಗೆ ಸ್ವತ್ತು ಕೈಯಿಂದ ಕೈಗೆ ಹೇಗೆ ಬಂತು ಎಂಬ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಜೊತೆಗೆ ವಂಶವೃಕ್ಷ, ಪಹಣಿ, ಋಣಭಾರ ಪತ್ರ. ಈ ಕೊನೆಯದನ್ನು ಜನ ಅತಿಯಾಗಿ ನಂಬುತ್ತಾರೆ. ಕೇಳಿದ ಅವಧಿಯೊಳಗೆ ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಬರುತ್ತವೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ವಿಭಾಗ, ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೆ ಹೋಗಬಹುದು. ಹದಿಮೂರು ವರ್ಷದ ಋಣಭಾರ ಪತ್ರ ಶುದ್ಧವಾಗಿದ್ದರೆ ಹದಿನಾಲ್ಕನೆಯ ವರ್ಷದ ತಕರಾರು ಇಲ್ಲವೆಂದೇನೂ ಅಲ್ಲ.

ಇದನ್ನೆಲ್ಲ ವಕೀಲರಿಂದ ಪರಿಶೀಲಿಸಿ, ಕೊಳ್ಳುತ್ತಿರುವ ವಿಷಯವನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವುದು ವಾಡಿಕೆ. ಆ ಸಹೋದರಿ ಮಾತನಾಡಬಹುದಾದ ಸಮಯ ಅದು; ಮುಂಗಡ ಕೊಡುವುದು ಅದಾದ ಮೇಲೆ.